ಬೆಳೆಯುವ ಅಳತೆಯ ಬೆಲ್ಟು

ಹೇಮಾವತಿ ಕೋಂ ಹಾಲೇಶ್, 41 ವರ್ಷ, ಹೊಲಿಗೆ ಕೆಲಸ, ಬಸ್ ನಿಲ್ದಾಣದ ಹಿಂದಿನ ಬೀದಿ, ಅಜ್ಜಂಪುರ. ಠಾಣೆಗೆ ಖುದ್ದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಗಂಡನೊಂದಿಗೆ ಮೇಲ್ಕಂಡ ವಿಳಾಸದಲ್ಲಿದ್ದು, ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ನಮಗೆ ಮಕ್ಕಳಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಂದು ಬಣ್ಣದ ಗಂಡು ನಾಯಿಮರಿ ತಂದು ಸಾಕಿದೆವು. ಹೆಸರು ಬೆಲ್ಲ. ಕೊರಳಿಗೆ ಬೆಲ್ಟ್ ಹಾಕಿದರೆ ಎಳೆದಾಡಿ ಕೆಮ್ಮುತ್ತಿದ್ದರಿಂದ, ಎದೆಗೆ ಹಾಕುವ ಹಾರ್ನೆಸ್ ತರಲು ದಿನಾಂಕ 08-03-2025ರಂದು ತರೀಕೆರೆಗೆ ಹೋದೆ. ಹಗ್ಗ ಸಿಕ್ಕಿಸುವ ಕೊಂಡಿ ಬೆನ್ನ ಮೇಲಿದ್ದರೆ ಮರಿ ಇನ್ನೂ ಎಳೆಯುತ್ತದೆ, ಎದೆಯ ಮುಂದಿದ್ದರೆ ಎಳೆದಾಗ ನಮ್ಮ ಕಡೆಗೇ ತಿರುಗುತ್ತದೆ ಎಂದು ಅಂಗಡಿಯ ಶಶಿಧರ ಎಂಬುವರು ತಿಳಿಸಿದ್ದರಿಂದ ಅದನ್ನೇ ಆರಿಸಿದೆ. ಪಟ್ಟಿಯ ಕೆಳಗೆ ಎರಡು ಬೆರಳು ಹೋದರೆ ಸಾಕು, ಹೆಚ್ಚು ಸಡಿಲ ಬೇಡವೆಂದೂ ಹೇಳಿದರು. ನಾನು ಅವರ ಮಾತು ಕೇಳದೆ, "ಬೆಳೆಯೋ ಮರಿ ಕಣಣ್ಣ, ಒಂದ್ ಸೈಜ್ ದೊಡ್ದೇ ಕೊಡಿ" ಎಂದೆ. ಊರ ಮಕ್ಕಳಿಗೆಲ್ಲ ಹೀಗೆಯೇ ಬಟ್ಟೆ ಒಳಗೆ ಮಡಚಿ ಹೊಲಿದುಕೊಟ್ಟಿದ್ದೇನೆ. ನಮ್ಮ ಮನೆಗೆಂದು ಬೆಳೆಯುವ ಅಳತೆ ಕೇಳಿದ್ದು ಅದೇ ಮೊದಲು. ಬಸ್ಸಿನಲ್ಲಿ ಬರುವಾಗ ಬಹಳ ಸಂತೋಷವಾಗಿತ್ತು.

ದಿನಾಂಕ 16-03-2025ರಂದು ಸಂಜೆ 5 ಗಂಟೆಗೆ ನನ್ನ ತವರಾದ ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ, ಕರೆದರೆ ಬರುವುದನ್ನು ಕಲಿಸುತ್ತಿದ್ದೆ. ಹಗ್ಗ ಉದ್ದ ಬಿಟ್ಟು, ಬೆನ್ನು ತಿರುಗಿಸಿ ಕೂತು, ಒಂದೇ ಸಲ ಕರೆಯುವುದು. ಬಂದರೆ ಬೇಯಿಸಿದ ಮೊಟ್ಟೆಯ ಚೂರು. ಆಗ ಟ್ರ್ಯಾಕ್ಟರ್ ಹಾರ್ನ್‌ಗೆ ಬೆದರಿ ಮರಿ ಹಿಂದಕ್ಕೆ ಜಗ್ಗಿತು. ಹಾರ್ನೆಸ್ ತಲೆಯ ಮೇಲಿಂದ ಕಳಚಿ ಹಗ್ಗದಲ್ಲೇ ಉಳಿಯಿತು. ನಾನು ಕೂರುವುದನ್ನು ಬಿಟ್ಟು ಹಿಂದೆ ಓಡಿದೆ. ಬೆಲ್ಲ ಆಟವೆಂದು ತಿಳಿದು ಇನ್ನೂ ಓಡಿದ. ಸುಮಾರು ಅರ್ಧ ಕಿ.ಮೀ. ಆಚೆ ಹುಲ್ಲು ಕೊಯ್ಯುತ್ತಿದ್ದ ಕಾಂತಮ್ಮ ಎಂಬುವರನ್ನು ವಿಚಾರಿಸಲಾಗಿ, ಬೈಕಿನವನೊಬ್ಬ ಮರಿಯನ್ನು ಎತ್ತಿಕೊಂಡನೆಂದೂ, ಯಾರದೆಂದು ಕೇಳಿದ್ದಕ್ಕೆ "ಬೀದಿ ಮರಿ ಕಣಮ್ಮ, ಮೈಮೇಲೆ ಒಂದ್ ಬೆಲ್ಟೂ ಇಲ್ಲ" ಎಂದು ಶಿವನಿ ಕಡೆಗೆ ಹೋದನೆಂದೂ ತಿಳಿಸಿದರು. ಬೆಲ್ಟು ನನ್ನ ಕೈಯಲ್ಲಿತ್ತು.

ಅಂದಿನಿಂದ ಪ್ರತಿ ಭಾನುವಾರ ಶಿವನಿಗೆ ಹೋಗಿ ಹುಡುಕುತ್ತಿದ್ದೆ. ಮನೆಯಲ್ಲಿ ಈಗಲೂ ಮೊಟ್ಟೆ ಬೇಯಿಸಿದರೆ ಬಾಗಿಲ ಕಡೆ ನೋಡುತ್ತೇನೆ. ನಿನ್ನೆ ಬೆಳಿಗ್ಗೆ ಶಿವನಿಯ ರೈಲ್ವೆ ಸ್ಟೇಷನ್ ರಸ್ತೆಯ ಈರಭದ್ರಪ್ಪ ಎಂಬುವರ ಅಂಗಳದಲ್ಲಿ, ಕೊರಳಿಗೆ ಸರಪಳಿ ಹಾಕಿ ಕಟ್ಟಿದ್ದ ಬೆಲ್ಲನನ್ನು ಕಂಡೆ. ಬೆಳೆದಿದ್ದಾನೆ. ಗೇಟಿನ ಹೊರಗೆ ಬೆನ್ನು ತಿರುಗಿಸಿ ಕೂತು ಒಂದೇ ಸಲ ಕರೆದೆ. ಸರಪಳಿ ಎಳೆದ ಸದ್ದು ಕೇಳಿಸಿತು, ಹಿಂದೆಯೇ ಅದೇ ಕೆಮ್ಮು. ಈರಭದ್ರಪ್ಪನವರು ಹೊರಬಂದು, "ಯಾರ್ ಕರದ್ರೂ ಬತ್ತದೆ ಕಣಮ್ಮ ನಾಯಿ, ಅಷ್ಟಕ್ಕೇ ನಿಮ್ದಾಗೋಯ್ತಾ?" ಎಂದು ಕೇಳಿ ಒಳಗೆ ಹೋದರು. ಬೈಕಿನವರು ಇವರೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ.

ಅವರ ಮೇಲೆ ಕೇಸು ಬೇಡ. ಅವರನ್ನೂ ಬೆಲ್ಲನನ್ನೂ ಠಾಣೆಗೆ ಕರೆಸಿ, ಗೇಟ್ ಮುಚ್ಚಿ, ಸರಪಳಿ ಬಿಚ್ಚಿಸಬೇಕಾಗಿ ಕೋರುತ್ತೇನೆ. ಅವರೂ ಒಂದು ಸಲ ಕರೆಯಲಿ, ನಾನೂ ಒಂದು ಸಲ ಕರೆಯುತ್ತೇನೆ. ನನ್ನ ಕಡೆ ಬಾರದಿದ್ದರೆ ಮತ್ತೆ ಕೇಳುವುದಿಲ್ಲ. ಬಂದರೆ ಹಾಕಲೆಂದು ಅದೇ ಹಾರ್ನೆಸ್ ತಂದಿದ್ದೇನೆ. ಅವನ ಎದೆಯ ಅಳತೆಯನ್ನು ನಿನ್ನೆ ಗೇಟಿನಾಚೆಯಿಂದ ಕಣ್ಣಲ್ಲೇ ತೆಗೆದುಕೊಂಡೆ. ಈಗ ಪಟ್ಟಿಯ ಕೆಳಗೆ ಎರಡು ಬೆರಳು ಹೋಗುವಷ್ಟೇ ಜಾಗವಿದೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದ್ದು, ಎಲ್ಲವೂ ನಿಜವಿರುತ್ತದೆ.

ಸ್ಥಳ: ಅಜ್ಜಂಪುರ
ದಿನಾಂಕ: 02-06-2025

(ಸಹಿ) ಹೇಮಾವತಿ