ದಿನಾ ಮಾಯವಾಗುವ ರೂಲ್

ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದೆ. ಮುಂದೆ ಕಂಪ್ಯೂಟರ್ ವಿಭಾಗದ ಇಬ್ಬರು: ಬೆಳಗಿನ ಪಾಳಿ ಮುಗಿಸಿದ ಹೆಂಗಸು, ಸಂಜೆಯ ಪಾಳಿಗೆ ಬಂದ ಗಂಡಸು.

"ಎರಡು ನಿಮಿಷ ಯಾರೂ ಮುಟ್ಟದಿದ್ರೆ ಸ್ಕ್ರೀನ್ ಲಾಕ್ ಆಗ್ಬೇಕು ಅಂತ ದಿನಾ ಸರ್ವರ್‌ನಲ್ಲಿ ರೂಲ್ ಹಾಕ್ತೀನಿ. ರಾತ್ರಿ ಅದು ಎಲ್ಲ ಕಂಪ್ಯೂಟರಿಗೂ ಹೋಗ್ಬೇಕು. ಮಾರನೇ ದಿನ ಮಾಯ!"

"ನಾನು ನೋಡಿದಾಗ ಬರೀ ಹೆಸರಿರುತ್ತೆ ಅಕ್ಕ. ಒಳಗೆ ಖಾಲಿ."

"ಖಾಲಿ ಹೇಗಿರುತ್ತೋ? ಕೈಯಾರೆ ಹಾಕಿದ್ದೀನಿ. ಯಾವ ಕಂಪ್ಯೂಟರಲ್ಲಿ ನೋಡ್ತೀಯಾ?"

"ಮೂಲೇಲಿರೋ ಹಳೇದ್ರಲ್ಲಿ."

"ಅಯ್ಯೋ, ಇದು ಹೊಸ ವರ್ಷನ್ನಿನ ಸೆಟ್ಟಿಂಗು. ಹಳೇದ್ರಲ್ಲಿ ತೆಗೆದ್ರೆ ಕಾಣಿಸೋದೇ ಇಲ್ಲ!"

"ಅಂದ್ರೆ, ಕಾಣದಿದ್ರೂ ಇತ್ತಾ?"

"ಇತ್ತು. ಖಾಲಿ ಅಂತ ನೀನೇನ್ ಮಾಡ್ತಿದ್ದೆ?"

ಅವನು ತಲೆ ಕೆರೆದುಕೊಂಡ.

"ಸುಮ್ನೆ ಯಾಕೆ ಕಸ ಅಂತ ಅಳಿಸ್ತಿದ್ದೆ."

"ಯಾರೋ ಕಳ್ಳ ಒಳಗೆ ನುಗ್ಗಿದ್ದಾನೆ ಅಂತ ಸಾಹೇಬರಿಗೆ ದೂರು ಕೊಟ್ಟಿದ್ದೀನಲ್ಲೋ!"

"ನಾನೂ ಕೊಟ್ಟಿದ್ದೀನಿ ಅಕ್ಕ. ಯಾರೋ ದಿನಾ ಖಾಲಿ ರೂಲ್ ತಂದು ತುಂಬ್ತಿದ್ದಾರೆ ಅಂತ."

"ಹಾಗಾದ್ರೆ ಈ ವಾರವೆಲ್ಲ ವಾರ್ಡಿನ ಸ್ಕ್ರೀನ್‌ಗಳು?"

"ಒಂದೂ ಲಾಕ್ ಆಗಿಲ್ಲ."

ಲಿಫ್ಟ್ ಬಂತು. ಇಬ್ಬರೂ ಒಳಗೆ ಹೋದರು.

ನಾನು ಹತ್ತಲಿಲ್ಲ. ಪಕ್ಕದ ವಾರ್ಡಿನ ಕೌಂಟರಿನಲ್ಲಿ ಯಾರೂ ಇರಲಿಲ್ಲ. ಸ್ಕ್ರೀನ್ ಮಾತ್ರ ಬೆಳಗುತ್ತಿತ್ತು. ಅದರಲ್ಲಿ ನನ್ನ ಹೆಸರಿತ್ತು. ಅದರ ಕೆಳಗೆ, ಡಾಕ್ಟರು ನನಗಿನ್ನೂ ಹೇಳಿರದ ಮಾತಿತ್ತು.