ಹನ್ನೆರಡನೆಯ ಪುಟದ ಅಜ್ಜ

...ಹಾಂ, ನಿನ್ನೆ ಹಾಜರಿ ಪುಸ್ತಕದವರೆಗೆ ಬಂದು ನಿಲ್ಲಿಸಿದ್ದೆ. ಊಟಕ್ಕೆ ಕರೆದರು, ಬಿಟ್ಟೆ. ಈ ಕುಟುಂಬ ಸಮಾವೇಶದ ಅಧ್ಯಕ್ಷರೂ ನನ್ನ ಅಣ್ಣನೂ ಆದ ಹಿರಿಯರೇ, ಅತ್ತಿಗೆಯವರೇ, ಬೀಗರೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವ ಸಭಿಕರೇ, ಇವತ್ತು ಮುಗಿಸುತ್ತೇನೆ.

ನಮ್ಮ ವಂಶದ ಪುಸ್ತಕ ನಿಮ್ಮೆಲ್ಲರ ಕೈಯಲ್ಲಿದೆ. ಬರೆದವನು ನಾನು. ಹನ್ನೆರಡನೆಯ ಪುಟದಲ್ಲಿ ಅಜ್ಜನ ವಿಷಯ: 'ನಗರಸಭೆಯಲ್ಲಿ ಗುಮಾಸ್ತರು, ಮುತ್ತು ಪೋಣಿಸಿದಂಥ ಕೈಬರಹ.' ಆಧಾರವೇನು? ನಡುಮನೆಯ ಗೋಡೆಯ ಮೇಲಿದ್ದ ಫೋಟೋ ಕಟ್ಟು. ಹಾಜರಿ ಪುಸ್ತಕದಲ್ಲಿ ಅಜ್ಜನ ಹೆಸರಿದ್ದ ಸಾಲುಗಳ ಫೋಟೋ ತೆಗೆಸಿ, ಅಪ್ಪ ಗಾಜು ಹಾಕಿಸಿದ್ದರು. ಇಂಥ ಮೂಲ ದಾಖಲೆಗೆ ಇಂಗ್ಲಿಷಿನಲ್ಲಿ ಪ್ರೈಮರಿ ಸೋರ್ಸೋ ಪ್ರೈಮರಿ ಫೋರ್ಸೋ ಅನ್ನುತ್ತಾರೆ. ಕಾಲೇಜಿನಲ್ಲಿ ಓದಿದ್ದು, ಅರ್ಧ ಹೋಗಿದೆ.

ಪುಸ್ತಕ ಅಚ್ಚಾದ ಮೇಲೆ, ಹೋದ ವಾರ, ಮೂಲವನ್ನು ಕಣ್ಣಾರೆ ನೋಡುವ ಆಸೆಯಾಯಿತು. ದಾಖಲೆ ಕೋಣೆಯ ಹೆಣ್ಣುಮಗಳು ಪುಟ ತೆರೆದು, "ಸಾರ್, ಇವರು ಸಹಿ ಮಾಡಿಲ್ಲ" ಅಂದಳು. ಓದು ಬಾರದವರ ಹೆಸರನ್ನು ಗುಮಾಸ್ತ ಬರೆಯುವುದು, ಅವರು ಪಕ್ಕದಲ್ಲಿ ಹೆಬ್ಬೆಟ್ಟು ಒತ್ತುವುದು ಆಗಿನ ಪದ್ಧತಿಯಂತೆ. ಹದಿನೇಳು ಹೆಸರು, ಒಂದೇ ಕೈಬರಹ. ಅಜ್ಜನ ಹೆಸರಿನ ಪಕ್ಕದಲ್ಲೂ ಶಾಯಿಯ ಗುರುತು.

"ಶಾಯಿ ಚೆಲ್ಲಿರಬೇಕಮ್ಮಾ" ಅಂದೆ.

"ದಿನಾ ಅದೇ ಜಾಗದಲ್ಲಿ ಚೆಲ್ಲುತ್ತಾ ಸಾರ್?"

ಕಟ್ಟು ಹಾಕುವವನು ಫೋಟೋದಲ್ಲಿ ಆ ಹೆಬ್ಬೆಟ್ಟಿನ ಅಂಚು ಕತ್ತರಿಸಿದನೋ, ಅಪ್ಪನೇ ಕತ್ತರಿಸು ಅಂದರೋ? ಕೇಳೋಣವೆಂದರೆ ಅಪ್ಪನಿಲ್ಲ.

ಅಲ್ಲಿನ ಪುಸ್ತಕಗಳ ಪ್ರಕಾರ ಅಜ್ಜ ಕಡತ ಹೊಲಿಯುತ್ತಿದ್ದವರು. ಇಪ್ಪತ್ತಾರು ವರ್ಷ. ಒಂದು ವಾರ ಮಾತ್ರ ಹೆಬ್ಬೆರಳಿನ ಬದಲು ಪಕ್ಕದ ಬೆರಳು ಒತ್ತಿದ್ದಾರೆ. ಅಂಚಿನಲ್ಲಿ 'ದಬ್ಬಳ ಚುಚ್ಚಿದೆ' ಎಂದಿದೆ. ಆ ಪುಸ್ತಕವನ್ನು ಹೊಲಿದವರೂ ಅವರೇ ಇರಬೇಕು. ಎಳೆದು ನೋಡಿದೆ, ನೂಲು ಜಗ್ಗಲಿಲ್ಲ.

ಹೆಮ್ಮೆಪಡಬೇಕಾದದ್ದು ಇದಕ್ಕಲ್ಲವೇ? ನಾವು ಯಾವುದಕ್ಕೆ ಹೆಮ್ಮೆಪಟ್ಟೆವು?

ನನ್ನ ಹೆಂಡತಿ ಓದಿದ್ದು ನಾಲ್ಕನೇ ಕ್ಲಾಸು. ಮದುವೆಯಾಗಿ ಬಂದ ವಾರವೇ ಅಮ್ಮ ಅವಳನ್ನು ಆ ಕಟ್ಟಿನ ಮುಂದೆ ನಿಲ್ಲಿಸಿ, "ಇದು ಈ ಮನೆ ಅಕ್ಷರ. ನಿನ್ನ ಕೋಳಿಕಾಲಿನ ಅಕ್ಷರ ಯಾರ ಕಣ್ಣಿಗೂ ಬೀಳೋದು ಬೇಡಮ್ಮ" ಅಂದರು. ನಾನು ಅಲ್ಲೇ ಪೇಪರ್ ಓದುತ್ತಿದ್ದೆ. ಆಮೇಲೆ ಎಂಟು ತಿಂಗಳು ಟೆಲಿಫೋನ್ ಇಲಾಖೆಯ ತರಬೇತಿಗೆ ಪರವೂರಿಗೆ ಹೋದೆ. ಅವಳಿಂದ ಒಂದೂ ಕಾಗದವಿಲ್ಲ. ಬಂದವನೇ ರೇಗಿದೆ, "ನಾನೇನು ಸತ್ತುಹೋಗಿದ್ದೆನಾ?"

"ಆ ಕಟ್ಟಿನ ಕೆಳಗೆ ಕೂತು ಬರೆಯೋಕೆ ಕೈ ಬರಲಿಲ್ಲ ರೀ" ಅಂದಳು.

ನಾನು ನಕ್ಕೆ. ಅದನ್ನೂ ಹೇಳಿಬಿಡುತ್ತೇನೆ, ಸಭಿಕರೇ, ನಕ್ಕುಬಿಟ್ಟೆ. ಅವಳು ಹೋಗಿ ಮೂರು ವರ್ಷವಾಯಿತು. ಮನೆಯೆಲ್ಲ ಹುಡುಕಿದೆ, ಅವಳ ಕೈಯಲ್ಲಿ ಬರೆದ ಒಂದು ಸಾಲೂ ಸಿಗಲಿಲ್ಲ. ಸಾಮಾನಿನ ಪಟ್ಟಿಯನ್ನೂ ಬಾಯಲ್ಲೇ ಹೇಳುತ್ತಿದ್ದಳು.

ನಿನ್ನೆ ಅಧ್ಯಕ್ಷರ ಕಿವಿಯಲ್ಲಿ ಇದನ್ನೆಲ್ಲ ಹೇಳಿದೆ. "ಅಚ್ಚಾಗಿದೆ ಕಣೋ, ಸುಮ್ಮನಿರು. ಮನೆ ಮಾನದ ಪ್ರಶ್ನೆ" ಅಂದರು. ಅಮ್ಮನ ಆ ಮಾತು ಕೇಳಿಯೂ ನಲವತ್ತು ವರ್ಷ ಸುಮ್ಮನಿದ್ದವನಿಗೆ ಇನ್ನೊಂದು ದಿನ ಕಷ್ಟವೇನಲ್ಲ. ಆದರೆ ಈ ಪುಸ್ತಕವನ್ನು ನಾಳೆ ನಮ್ಮ ಮೊಮ್ಮಕ್ಕಳು ಇನ್ನೊಬ್ಬ ಸೊಸೆಯ ಮುಂದೆ ಹಿಡಿಯುತ್ತಾರೆ. ಅದಾಗಬಾರದು.

ಪುಟ ಹರಿಯಬೇಡಿ. ಆ ಎರಡು ಸಾಲು ಹೊಡೆದುಹಾಕಿ, ನಿಮ್ಮ ನಿಮ್ಮ ಅಕ್ಷರದಲ್ಲಿ, ಹೇಗಿದ್ದರೂ ಸರಿ, 'ಕಡತ ಹೊಲಿಯುತ್ತಿದ್ದರು, ಓದು ಬರಹ ಬರುತ್ತಿರಲಿಲ್ಲ' ಎಂದು ಬರೆಯಿರಿ. ಇನ್ನೂ ಹೇಳುವುದಿತ್ತು... ಅರೆ, ಕಿಟಕಿಯ ಬೆಳಕು ಇಳಿದೇಬಿಟ್ಟಿತು, ನನ್ನ ಚೀಟಿಯೇ ನನಗೆ ಕಾಣುತ್ತಿಲ್ಲ. ಅಕ್ಷರ ಕಾಣುವಾಗಲೇ ಬರೆದುಬಿಡೋಣ. ಎರಡು ದಿನ ನನ್ನನ್ನು ಸಹಿಸಿಕೊಂಡಿರಿ, ನಿಮಗೆ ಋಣಿ, ನಮಸ್ಕಾರ. ಅಣ್ಣಾ, ಪೆನ್ನು ತಗೋ. ಮೊದಲು ನೀನು.