ಸೇತುವೆ ಉಡಾಯಿಸಿದವನ ಹೆಸರು

ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡ ಬಡಗಿಯೊಬ್ಬ ದಂತವೈದ್ಯರ ಕೋಣೆಯ ಹೊರಗೆ ಕಾದು ಕೂತಿದ್ದ. ಮಾತಾಡಲಾಗದವನಿಗೆ ಕಿವಿಯೇ ಗತಿ. ಪಕ್ಕದ ಬೆಂಚಿನಲ್ಲಿ ಒಬ್ಬ ಚಿಕ್ಕಮ್ಮ ಮತ್ತು ಅವರ ಅಕ್ಕನ ಮಗಳು ಮಾತಿಗೆ ಬಿದ್ದಿದ್ದರು.

“ಭಾವನ ಪ್ರತಿಮೆ ನಿಲ್ಲಿಸ್ತಾರಂತೆ! ನಮ್ಮ ಮನೆತನದಲ್ಲೊಬ್ಬ ಸ್ವಾತಂತ್ರ್ಯ ಹೋರಾಟಗಾರ ಅಂದ್ರೆ ಸುಮ್ನೆನಾ?”

“ಅಪ್ಪ ಸೇತುವೆ ಉಡಾಯಿಸಿದಾಗ ನೀವು ‘ಭಯೋತ್ಪಾದಕ’ ಅಂದಿದ್ರಿ ಚಿಕ್ಕಮ್ಮ. ಅಮ್ಮನನ್ನ ನಿಮ್ಮ ಮನೆ ಹೊಸಿಲು ದಾಟೋಕೂ ಬಿಡಲಿಲ್ಲ.”

“ಆಗಿನ ಸರ್ಕಾರ ಹಾಗಂತಿತ್ತು ಕಣೇ.”

“ಸಂಧಾನದ ಮಾತು ಶುರುವಾದಾಗ ‘ಪಾಪ, ಬಂಡಾಯಗಾರ’ ಅಂದ್ರಿ. ಅಪ್ಪನ ಕಡೆಯವರು ಗೆದ್ದ ಮಾರನೇ ದಿನ ಅವರ ಫೋಟೋ ನಿಮ್ಮ ಹಜಾರಕ್ಕೆ ಬಂತು.”

“ಕಾಲ ಬದಲಾದ್ರೆ ಎಲ್ಲರೂ ಬದಲಾಗ್ತಾರೆ.”

ನಗಲು ಹೋದ ಬಡಗಿ ನೋವಿಗೆ ದವಡೆ ಹಿಡಿದುಕೊಂಡ.

“ಎಲ್ಲರೂ ಇಲ್ಲ. ಸೇತುವೆ ಕಾಯ್ತಿದ್ದವನು ಸತ್ತನಲ್ಲ, ಅವನ ಹೆಂಡತಿ ಅವತ್ತು ‘ಕೊಲೆಗಾರ’ ಅಂದಳು. ಇವತ್ತೂ ನನ್ನ ಮುಖ ನೋಡ್ಕೊಂಡೇ ಹಾಗಂತಾಳೆ.”

“ಎಷ್ಟು ಸೊಕ್ಕು! ನೀನು ಸುಮ್ನೆ ಕೇಳಿಸ್ಕೊಂಡ್ಯಾ?”

“ಕೇಳಿಸ್ಕೊಂಡೆ. ಅವಳು ಗಂಡನನ್ನ ಕಳ್ಕೊಂಡಳು, ನಾನು ಅಪ್ಪನನ್ನ. ಅವಳಿಗೆ ‘ಕೊಲೆಗಾರ’, ನನಗೆ ‘ಅಪ್ಪ’; ನಾವಿಬ್ಬರೂ ಹೆಸರು ಬದಲಾಯಿಸಲಿಲ್ಲ.”

ಒಳಗಿನಿಂದ ಕರೆ ಬಂತು. ಚಿಕ್ಕಮ್ಮ ಕೈಚೀಲ ಎತ್ತಿಕೊಂಡು ಎದ್ದರು.

“ಅದೆಲ್ಲ ಇರಲಿ. ಸಮಾರಂಭದಲ್ಲಿ ನನ್ನನ್ನ ಮುಂದಿನ ಸಾಲಲ್ಲಿ ಕೂರಿಸ್ತೀ ತಾನೇ?”

“ಖಂಡಿತ. ಆ ಕಾವಲುಗಾರನ ಹೆಂಡತಿಯನ್ನೂ ಕರೆದಿದ್ದೀನಿ. ಅವಳ ಪಕ್ಕದಲ್ಲೇ ನಿಮ್ಮ ಕುರ್ಚಿ.”

ಚಿಕ್ಕಮ್ಮ ತುಟಿ ಬಿಗಿದು ಮತ್ತೆ ಬೆಂಚಿನ ಮೇಲೆ ಕೂತುಬಿಟ್ಟರು. ಹುಡುಗಿ ಅವರ ತೋಳು ಹಿಡಿದು ಒಳಗೆ ಕರೆದೊಯ್ದಳು.

“ಬನ್ನಿ, ಡಾಕ್ಟರ್ ಮುಂದೆಯಾದ್ರೂ ಬಾಯಿ ತೆರೀಲೇಬೇಕು.”